ಲಗೂನ ಸಾಯುವ ಮೀನು

ಮೀನು ಅಂದರೆ ನನಗೆ ಮೊದಲು ನೆನಪಾಗುವುದು ಹುಳಿ, ಮೆಣಸು, ತೆಂಗಿನಕಾಯಿ. ಸುಳ್ಳು ಯಾಕೆ ಹೇಳಲಿ, ನಾವು ಕರಾವಳಿಯವರು. ಆದರೆ ಮೀನು ಸಾಯಲಿ ಎಂದೇ ಮನೆಯಲ್ಲಿ ಸಾಕುವವರನ್ನು ನಾನು ನೋಡಿದ್ದು ಪುಣೆಗೆ ಬಂದ ಮೇಲೆ. ಅದೂ ಮೊಟ್ಟೆಯನ್ನು ಕೂಡ ಮುಟ್ಟದ ಲಿಂಗಾಯತರ ಮನೆಯಲ್ಲಿ!

ಧನಕವಡಿಯಲ್ಲಿ ನಮ್ಮ ಹೋಟೆಲು. ಅದರ ಮೇಲಿನ ಮಹಡಿಯಲ್ಲಿ ನಮ್ಮ ಮನೆ, ಎದುರು ಬಾಗಿಲು ಕಾಶವ್ವನದು. ಗಂಡ ಈರಬಸಪ್ಪ ಶಿವಾಜಿನಗರದ ಒಂದು ಆಫೀಸಿನಲ್ಲಿ ಗುಮಾಸ್ತ. ಅತ್ತೆ ಮಾನಮ್ಮ, ಮಗಳು ಶೀತಲ್. ವಿಜಾಪುರದ ಕಡೆಯವರು. ಇಸವಿ ಎರಡು ಸಾವಿರದ ಒಂದೋ ಎರಡೋ ಇರಬೇಕು, ಊರಿಗೆಲ್ಲ ವಾಸ್ತು ಮೀನಿನ ಹುಚ್ಚು ಹಿಡಿದಿತ್ತು. ಎಂಟು ಬಂಗಾರದ ಬಣ್ಣದ್ದು, ಒಂದು ಕರಿಯದ್ದು. ಮನೆಗೆ ಬರುವ ಪೀಡೆಯನ್ನು ಮೀನು ತನ್ನ ಮೈಮೇಲೆ ಎಳೆದುಕೊಂಡು ಸಾಯುತ್ತದಂತೆ. ಸತ್ತರೆ ಇನ್ನೊಂದು ತಂದು ಬಿಟ್ಟರಾಯಿತು. ಯಾರೋ ಹೇಳಿದರೆಂದು ಮಾನಮ್ಮ ಮಗನ ಕೈಯಲ್ಲಿ ಒಂದು ಪುಟ್ಟ ಗಾಜಿನ ಟ್ಯಾಂಕು ತರಿಸಿದರು. ಒಂಬತ್ತು ಮೀನನ್ನೂ ಅದರಲ್ಲೇ ತುರುಕಿದರು.

ಸಾಯದೆ ಏನು ಮಾಡಿಯಾವು? ವಾರಕ್ಕೊಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಮಾನಮ್ಮನಿಗೆ ಅವತ್ತು ಹಬ್ಬ. “ಪೀಡಾ ಹೋತು ನೋಡವ್ವಾ! ಅದು ತಗೊಂಡು ಹೋತು!” ಎಂದು ನನ್ನ ಬಾಗಿಲಿಗೇ ಬಂದು ಹೇಳುತ್ತಿದ್ದರು. ಕಾಶವ್ವ ಮಾತ್ರ ಸತ್ತ ಮೀನನ್ನು ಕಾಗದದಲ್ಲಿ ಸುತ್ತಿ ಕೆಳಗೆ ತುಳಸಿಯ ಪಕ್ಕ ಹೂತು ಬರುತ್ತಿದ್ದಳು. ಊಟ ಸೇರುತ್ತಿರಲಿಲ್ಲ ಅವಳಿಗೆ.

ನಮ್ಮ ಹೋಟೆಲಿನ ಗಲ್ಲಾದ ಹತ್ತಿರವೂ ಒಂದು ದೊಡ್ಡ ಟ್ಯಾಂಕು ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನಮ್ಮೂರ ಕಡೆಯವನೇ ಆದ ಮೀನಂಗಡಿಯ ಸಂಕಪ್ಪ. ತಿನ್ನುವ ಮೀನಿನ ಅಂಗಡಿ ಅಲ್ಲ, ಸಾಕುವ ಮೀನಿನದ್ದು. ಮೀನು ಯಾಕೆ ಹೀಗೆ ಸಾಯುತ್ತವೆ ಎಂದು ಕಾಶವ್ವ ಒಂದು ದಿನ ಅವನನ್ನೇ ಹಿಡಿದು ಕೇಳಿದಳು. ಅವನು ನಕ್ಕು, “ಒಂದು ಕೋಣೆಯಲ್ಲಿ ಒಂಬತ್ತು ಎಮ್ಮೆ ಕಟ್ಟಿದ ಹಾಗೆ ಅಮ್ಮಾ ಅದು” ಅಂದ. ಅವತ್ತೇ ಉಳಿದ ಮೀನುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು, ಮಿಕ್ಕವನ್ನು ನಮ್ಮ ದೊಡ್ಡ ಟ್ಯಾಂಕಿಗೆ ತಂದು ಬಿಟ್ಟಳು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಿಸುವುದನ್ನು ಕಲಿತಳು. ಈರಬಸಪ್ಪನವರು ಛೇಡಿಸುವರು, “ನನ್ನ ಚಹಾ ಆರಿ ನೀರಾಗೇದ. ಇಕಿ ಮೀನಿನ ಸೇವಾ ಮುಗಿದಿಲ್ಲ ನೋಡ್ರಿ!” ಕಾಶವ್ವ ನಗುವಳು. ನಕ್ಕರೆ ಅವಳಿಗೆ ಕಣ್ಣು ಮುಚ್ಚಿಯೇ ಹೋಗುತ್ತಿತ್ತು. ಒಂದು ವರ್ಷ ಒಂದು ಮೀನೂ ಸಾಯಲಿಲ್ಲ.

ಆಮೇಲೆ ಒಂದು ಸಂಜೆ ಈರಬಸಪ್ಪ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರು. ಎದ್ದೇಳಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ, ನೆಂಟರೆಲ್ಲ ಕೂತಿದ್ದಾಗ, ಮಾನಮ್ಮ ಸೊಸೆಯ ಮುಖ ನೋಡಿ ಹೇಳಿದರು, “ಮೀನಾ ಉಳಿಸಿದಿ. ನನ್ನ ಮಗನ್ನ ಕಳದಿ. ಅವಕ್ಕ ಬರೂದು ಇವಗ ಬಂತು.”

ಕೆಲವರು ಹೌದೆಂದು ತಲೆಯಾಡಿಸಿದರು, ಅವರ ಬಾಯಿಗೆ ಮಣ್ಣು ಹಾಕ! ನಾನು ಏನೋ ಹೇಳಹೋದೆ. ನನ್ನ ಗಂಡ ಮೋಹನದಾಸರು ಕೈ ಹಿಡಿದೆಳೆದರು. ಕಾಶವ್ವ ಗೋಡೆಗೆ ಒರಗಿ ಕೂತಿದ್ದವಳು ಹಾಗೇ ಕೂತಿದ್ದಳು. ಅಲ್ಲಿಯವರೆಗೆ ಅಳುತ್ತಿದ್ದವಳ ಅಳು ಅಲ್ಲಿಗೆ ನಿಂತುಹೋಯಿತು. ಮಾರನೆಯ ದಿನ ಆ ಎರಡು ಮೀನನ್ನೂ ನಮ್ಮ ಟ್ಯಾಂಕಿಗೆ ತಂದು ಬಿಟ್ಟಳು.

ಅನಂತರದ ಕಾಶವ್ವನ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಒಣಹಾಕುತ್ತಿದ್ದಳು. ಕೇಳಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ನಾನು ಬೈದು ನೋಡಿದೆ, ನಗಿಸಿ ನೋಡಿದೆ. ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟರೂ ಕುಡಿದು ಲೋಟ ತೊಳೆದಿಡುತ್ತಿದ್ದಳು. ಅತ್ತೆಯ ಮೇಲೆ ಸಿಟ್ಟಾದರೂ ಬರಬಾರದೇ ಇವಳಿಗೆ ಅನ್ನಿಸುತ್ತಿತ್ತು. ಆದರೆ ಅತ್ತೆ ಹೇಳಿದ್ದು ನಿಜವಿರಬಹುದೇ ಎಂಬ ಮುಳ್ಳು ಅವಳ ಒಳಗೆ ಮುರಿದು ಕೂತಿತ್ತು. ಅದು ನನಗೆ ಗೊತ್ತಿತ್ತು.

ಶೀತಲ್ ಕಾಲೇಜು ಸೇರಿ ಶಿವಾಜಿನಗರದ ಬಸ್ಸು ಹತ್ತತೊಡಗಿದ್ದೇ ಮಾನಮ್ಮನಿಗೆ ದಿಗಿಲು ಹತ್ತಿಕೊಂಡಿತು. ಮಗ ಬಿದ್ದ ಅದೇ ಬಸ್‌ಸ್ಟ್ಯಾಂಡು. “ಕೂಸಿನ ಸಲುವಾಗಿ ಮೀನಾ ತಾ” ಎಂದು ಸೊಸೆಗೆ ಗಂಟುಬಿದ್ದರು. ಹೀಗೆ ನಾನೂ ಕಾಶವ್ವನೂ ಸಂಕಪ್ಪನ ಅಂಗಡಿಗೆ ಹೋದದ್ದು.

ಅಂಗಡಿ ತುಂಬ ಗಾಜು, ನೀರು, ಬಣ್ಣ. ಕಾಶವ್ವ ಒಂದು ಸುತ್ತು ನೋಡಿ ಕೇಳಿದಳು, “ಇದರಾಗ ಲಗೂನ ಸಾಯೂವು ಯಾವ್ರಿ?”

ಸಂಕಪ್ಪ ಬೆಪ್ಪಾದ. “ಬೇಗ ಸಾಯದ್ದು ಅಲ್ವಾ ಅಮ್ಮಾ ನೀವು ಕೇಳುವುದು?”

“ಅಲ್ರಿ. ಸಾಯೂವ ಬೇಕು. ನಮ್ಮತ್ತಿಗೆ ಬೇಕಾಗ್ಯಾವು.”

ವ್ಯಾಪಾರಿ ಅಲ್ಲವೇ, ಬೇಗ ಸುಧಾರಿಸಿಕೊಂಡ. “ಹಾಗಾದರೆ ಗೋಲ್ಡ್‌ಫಿಶ್ಶೇ ಆಗಬೇಕು. ನಿಮ್ಮ ಆ ಚಿಕ್ಕ ಟ್ಯಾಂಕಿಗೆ ಒಂಬತ್ತು ಬಿಟ್ಟರೆ, ತನ್ನ ಗಲೀಜಿನಲ್ಲೇ ಉಸಿರು ಕಟ್ಟಿ ಒಂದೊಂದಾಗಿ ಹೋಗ್ತದೆ” ಎಂದು ಬಲೆ ತೆಗೆದುಕೊಂಡ.

ನನಗೆ ಮೈಯೆಲ್ಲ ಉರಿಯಿತು. “ಎಂತ ಮಾತು ಮಾರಾಯಾ ನಿನ್ನದು! ನಾಚಿಕೆ ಇಲ್ವಾ?” ಎಂದು ಅಂಗಡಿ ಅದುರುವ ಹಾಗೆ ಬೈದೆ. ಅವನು ಬಲೆ ಇಳಿಸಿಯೇಬಿಟ್ಟಿದ್ದ. ಒಂದು ಕರಿಯ ಮೀನು ತಪ್ಪಿಸಿಕೊಂಡು ಮೂಲೆಗೆ ಹೋಗಿ, ಗಾಜಿಗೆ ಮೂತಿ ಒತ್ತಿ ನಿಂತಿತು. ಕಾಶವ್ವ ಅದನ್ನೇ ನೋಡುತ್ತಿದ್ದಳು.

“ಬಿಡ್ರಿ ಅದನ್ನ” ಅಂದಳು. ಸ್ವಲ್ಪ ತಡೆದು, “ನಮ್ಮ ಟ್ಯಾಂಕಿನ್ಯಾಗ ಬದುಕೂವು ಯಾವ್ರಿ? ಕರೆಂಟ್ ಹೋದ್ರೂ ಸಾಯಬಾರದು.”

ಸಂಕಪ್ಪನ ಮುಖ ಅರಳಿತು. ಅವನಿಗೂ ಅದೇ ಇಷ್ಟದ ಮಾತು. ಗಪ್ಪಿ ಬೇಡ, ಮರಿ ಹಾಕಿ ಹಾಕಿ ಟ್ಯಾಂಕು ತುಂಬಿಸುತ್ತದೆ. ಏಂಜಲ್ ಬೇಡ, ದೊಡ್ಡದಾದರೆ ಜಾಗ ಸಾಲದು. ಶಾರ್ಕ್ ಎಂದು ಮಾರುತ್ತಾರಲ್ಲ, ಅದಂತೂ ಬೇಡವೇ ಬೇಡ. ಕೊನೆಗೆ ಕೆಂಪು ನೀಲಿ ಪಟ್ಟೆಯ ಚಿಕ್ಕ ಮೀನು ತೋರಿಸಿದ. ಗೌರಾಮಿ, ಅದರಲ್ಲೂ ಕುಳ್ಳ ಜಾತಿಯದು. “ಸಾಧು ಪ್ರಾಣಿ. ಮೂರು ಸಾಕು. ಪಂಪು ನಿಂತರೂ ಮೇಲೆ ಬಂದು ಗಾಳಿ ಕುಡಿದು ಹೋಗ್ತದೆ.” ಕಾಶವ್ವ ಆ ಮೂರನ್ನು ತಂದಳು. ಬಂಗಾರದ್ದೆಲ್ಲಿ, ಕರಿಯದ್ದೆಲ್ಲಿ ಎಂದು ಮಾನಮ್ಮ ರಂಪ ಮಾಡಿದರು. ಇವಳು ರೊಟ್ಟಿ ಬಡಿಯಲು ಹೋದಳು.

ಮುಂದಿನ ಮಳೆಗಾಲಕ್ಕೆ ಶೀತಲ್‌ಗೆ ಟೈಫಾಯಿಡ್. ಆಸ್ಪತ್ರೆಗೆ ಸೇರಿಸಿದರು. ಕಾಶವ್ವ ಅಲ್ಲೇ ಉಳಿದಳು. ನಾನು ಬೆಳಿಗ್ಗೆ ಮಾನಮ್ಮನಿಗೆ ತಿಂಡಿ ಕೊಡಲು ಹೋದರೆ, ಮನೆಯಲ್ಲಿ ಏನೋ ಕಡಿಮೆಯಾದ ಹಾಗಿತ್ತು. ಟ್ಯಾಂಕಿನ ಬುಡುಬುಡು ಸದ್ದು ಇರಲಿಲ್ಲ. ಪ್ಲಗ್ಗು ಕಿತ್ತು ನೆಲದ ಮೇಲೆ ಬಿದ್ದಿತ್ತು. ಮುದುಕಿ ಟ್ಯಾಂಕಿನ ಎದುರು ಚಾಪೆ ಹಾಸಿ ಕೂತಿದ್ದರು.

“ಕೈಲೆ ಕೊಲ್ಲಾಕ ನನಗಾಗೂದಿಲ್ಲವ್ವಾ. ಕೊರಳಾಗ ಲಿಂಗ ಅದ” ಅಂದರು. “ಮೊನ್ನಿಂದ ಗಾಳಿ ಬಂದ್ ಮಾಡೇನಿ. ಕಾಳೂ ಹಾಕಿಲ್ಲ. ಒಂದರ ಹೋಗ್ಲಿ. ಒಂದ ಸಾಕು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾನು ಪ್ಲಗ್ಗು ಎತ್ತಿಕೊಂಡೆ. ಆಕೆ ನನ್ನ ಸೆರಗು ಹಿಡಿದುಕೊಂಡರು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಪ್ಲಗ್ಗು ಕೆಳಗಿಟ್ಟು ಬಂದೆ.

ಆಸ್ಪತ್ರೆಯಲ್ಲಿ ಕಾಶವ್ವನಿಗೆ ಹೇಳಿದೆ. ಮಗಳ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದಳು. “ಅವು ಸಾಯೂದಿಲ್ರಿ ಅಕ್ಕಾರ” ಅಂದಳು, ಎಲ್ಲಿಯೋ ನೋಡುತ್ತ. ಬಟ್ಟೆ ತಿರುವಿ ಹಾಕಿದಳು. ಮಗಳು ಜ್ವರದಲ್ಲಿ ಏನೋ ಬಡಬಡಿಸಿದಳು. ಆಗ ನನ್ನ ಕಡೆ ತಿರುಗಿದಳು. “ಸಾಯ್ಬೇಕಿತ್ತೇನ್ರಿ?”

ನಾನು ಹುಡುಗಿಯ ಹಣೆಯ ಬಟ್ಟೆ ತೆಗೆದು, ತಣ್ಣೀರಿನಲ್ಲಿ ಅದ್ದಿ ಹಿಂಡಿ ಮತ್ತೆ ಇಟ್ಟೆ.

ಜ್ವರ ಇಳಿಯಿತು. ಹುಡುಗಿಯನ್ನು ರಿಕ್ಷಾದಲ್ಲಿ ಕರೆತಂದೆವು. ಮಾನಮ್ಮ ಬಾಗಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಕಾಶವ್ವ ಕಾಲು ಕೂಡ ತೊಳೆಯದೆ ನೇರ ಟ್ಯಾಂಕಿನ ಹತ್ತಿರ ಹೋದಳು. ನೀರು ಸ್ವಲ್ಪ ಬಗ್ಗಡವಾಗಿತ್ತು. ಮೂರು ಮೀನೂ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಂಡು ಕೆಳಗಿಳಿಯುತ್ತಿದ್ದವು. ಅವಳು ಪ್ಲಗ್ಗು ಹಾಕಿದಳು. ಬುಡುಬುಡು ಶುರುವಾಯಿತು.

ಮಾನಮ್ಮ ಒಳಗೆ ಬಂದು ಮೊಮ್ಮಗಳನ್ನು ನೋಡಿದರು. ಮೀನುಗಳನ್ನು ನೋಡಿದರು. ಮತ್ತೆ ಮೊಮ್ಮಗಳನ್ನು ನೋಡಿದರು.

“ಇವೂ ಅದಾವು. ಕೂಸೂ ಅದ” ಅಂದರು. ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತರು. “ಹಂಗಾರ ನನ್ನ ಮಗಾ ಯಾಕ ಹೋದಾ, ಕಾಶೀ?”

ಕಾಶವ್ವ ಅಲ್ಲೇ ನಿಂತಿದ್ದಳು. ಆ ಪ್ರಶ್ನೆಗಾಗಿಯೇ ಇಷ್ಟು ದಿನ ನಿಂತಿದ್ದಳೇನೋ.

“ಗೊತ್ತಿಲ್ರಿ, ಅತ್ತಿ” ಅಂದಳು. ಅಷ್ಟು ಹೇಳಿದ್ದೇ ಅಳು ಬಂತು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಗಂಡ ಸತ್ತ ದಿನ ಅರ್ಧಕ್ಕೆ ನಿಂತದ್ದನ್ನೆಲ್ಲ ಅತ್ತಳು. ಮುದುಕಿಯೂ ಅತ್ತರು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನು?

ಬಹಳ ಹೊತ್ತಿನ ಮೇಲೆ ಮಾನಮ್ಮ ಸೊಸೆಯ ಬೆನ್ನ ಮೇಲಿನ ಕೈ ತೆಗೆಯದೆಯೇ ಮೊಮ್ಮಗಳ ಕಡೆ ತಿರುಗಿದರು.

“ಆ ಮೀನಿಗೆ ಏನರ ಹಾಕವ್ವಾ. ಭಾಳ ಹಸಗೊಂಡಾವು.”