ಆ ಬೆರಳಿಗೊಂದು ಏಕತಾರಿ

ಜನಪದ ವಾದ್ಯಗಳ ಬಗ್ಗೆ ಎರಡು ದಪ್ಪ ಪುಸ್ತಕ ಬರೆದವನು ನಾನು. ಅವನ್ನು ಓದಿದವರಿಗಿಂತ ಹೊತ್ತವರು ಹೆಚ್ಚು. ಹಳಿಯಾಳದ ನನ್ನ ಪಡಸಾಲೆಯಲ್ಲಿ ವಾದ್ಯ ಮಾಡುವ ಕೆಲಸವೂ ನಡೆಯುತ್ತದೆ. ಹೀಗಾಗಿ ಇಂದೂರೆಂಬ ಹಳ್ಳಿಯ ಭಜನಾ ತಂಡದ ಹಿರಿಯ ಹಾಡುಗಾರ್ತಿ, ತಮ್ಮ ಏಕತಾರಿಯ ಧ್ವನಿ ಸತ್ತಿದೆ, ಹೊಸದು ಬೇಕು ಎಂದು ಹೇಳಿಕಳಿಸಿದಾಗ ಸಕಲ ಶಾಸ್ತ್ರವೂ ನನ್ನ ಬೆನ್ನಿಗಿದೆ ಎಂದೇ ನಂಬಿದ್ದೆ.

ಆ ತಂಡದ ಕಟ್ಟಳೆ ಒಂದೇ: ತಂತಿ ಮೀಟುವವರೇ ಹಾಡು ಎತ್ತಬೇಕು, ಉಳಿದವರು ಹಿಂದೆ ಕೂತು ಸೊಲ್ಲು ಹಿಡಿಯಬೇಕು. ಮೀಟಲಾಗದಿದ್ದರೆ ಆಕೆಯೂ ಹಿಂದಿನ ಸಾಲಿಗೆ. ನಲವತ್ತು ವರ್ಷ ಮುಂದೆ ಕೂತವರಿಗೆ ಎರಡು ಮಾರು ಹಿಂದಿನ ಆ ಸಾಲು ಬಹಳ ದೂರದ ಊರು.

ಮೊದಲನೆಯದನ್ನು ಹಳೆಯದರ ಅಳತೆಗೆ ಕೂದಲೆಳೆಯೂ ತಪ್ಪದಂತೆ ಮಾಡಿದೆ. ಆಕೆ ಮೀಟಿದರು, ಸದ್ದು ಗೊಣಗಿತು. ಎರಡನೆಯದಕ್ಕೆ ದೊಡ್ಡ ಸೋರೆಬುರುಡೆ ತಂದೆ, ಮೂರನೆಯದಕ್ಕೆ ತೆಳ್ಳನೆಯ ಆಡಿನ ಚರ್ಮ. ನಾಲ್ಕನೆಯದಕ್ಕೆ ಬಿದಿರನ್ನೇ ಬದಲಿಸಿದೆ. ಜೋಯಿಡಾದ ಬಿದಿರಿನ ಗುಣಾವಗುಣಗಳ ಕುರಿತು ಬಸ್ಸಿನ ಕಂಡಕ್ಟರನಿಗೆ ಉಪನ್ಯಾಸವನ್ನೂ ದಯಪಾಲಿಸಿದೆ. ಅವನು ಮುಂದಿನ ಬಾಗಿಲಿಗೆ ಹೋಗಿ ನಿಂತ.

ನಾಲ್ಕೂ ಸೋತವು. ತಂಡದ ಹಾರ್ಮೋನಿಯಂ ಹಿರಿಯರು, ಪೇಟೆಯಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ಸಿಗುತ್ತದೆ, ಗುಂಡಿ ಒತ್ತಿದರೆ ಸಾಕು ಎಂದರು. ಗುಂಡಿ ಒತ್ತಿದವರೇ ಹಾಡು ಎತ್ತಬೇಕೇ ಎಂಬ ಧರ್ಮಸೂಕ್ಷ್ಮ ಮಾತ್ರ ಇತ್ಯರ್ಥವಾಗಲಿಲ್ಲ.

ನಾಲ್ಕನ್ನೂ ಆಕೆಯ ಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ನಾನೇ ಮೀಟಿ ನೋಡಿದೆ. ನಾಲ್ಕೂ ಸೊಗಸಾಗಿ ನುಡಿದವು. ಸತ್ತಿತ್ತೆಂಬ ಹಳೆಯದನ್ನೂ ಮೀಟಿದೆ, ಅದೂ ನುಡಿಯಿತು. ತಲೆಯೆತ್ತಿದರೆ ಆಕೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ತೋರುಬೆರಳು ಗಂಟುಕಟ್ಟಿ ಸೆಟೆದಿತ್ತು. ಬುರುಡೆ, ಚರ್ಮ, ಬಿದಿರು ಎಲ್ಲವನ್ನೂ ಅಳೆದ ಪಂಡಿತ ನೋಡದೆ ಬಿಟ್ಟದ್ದು ಅದೊಂದನ್ನೇ.

ಹುಬ್ಬಳ್ಳಿಯಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದು ಶುರುಮಾಡಿದೆ.

“ಡಾಕ್ಟರ್ ನೋಡಿದ್ದಾತ್ರಿ ಮಾಸ್ತರ,” ಎಂದರು ಆಕೆ. “ನೀವು ಈ ಬೆರಳಿಗೆ ಹೊಂದೂವಂಥಾದ್ದು ಒಂದು ಮಾಡಿಕೊಡ್ರಿ.”

“ತಂತಿ ಸಡಲ ಬಿಟ್ಟರ ಶ್ರುತಿ ಇಳೀತೈತಿ, ಅಕ್ಕಾರ.”

“ಇಳೀಲಿ. ನಾನೂ ಅದರ ಸಂಗಾಟ ಇಳೀತೇನಿ. ಹಿಂದ ಮಾತ್ರ ಕುಂದ್ರಂಗಿಲ್ಲ.”

ಐದನೆಯದಕ್ಕೆ ಹಳೆಯ ಅಳತೆಯ ಚೀಟಿ ಹರಿದು ಹಾಕಿ ಆಕೆಯ ಕೈಯನ್ನು ಅಳೆದುಕೊಂಡೆ. ತೋರುಬೆರಳು ಬಗ್ಗುತ್ತಿರಲಿಲ್ಲ, ಹೆಬ್ಬೆರಳು ಮಾತ್ರ ಇನ್ನೂ ಆಡುತ್ತಿತ್ತು. ಹೆಬ್ಬೆರಳಿನ ಪಕ್ಕ ತಾಕುವಲ್ಲಿಗೆ ತಂತಿ ಬರುವಂತೆ ಬಿದಿರು ಗಿಡ್ಡ ಮಾಡಿದೆ. ದಪ್ಪ ತಂತಿಯನ್ನು ಸಡಿಲವಾಗಿ ಕಟ್ಟಿದೆ. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ.

ಸೋಮವಾರದ ಭಜನೆಯಲ್ಲಿ ಆಕೆ ಮುಂದೆ ಕೂತು ಹೆಬ್ಬೆರಳಿನಿಂದ ಮೀಟಿದರು. ಸದ್ದು ತಗ್ಗಿತ್ತು, ಆದರೆ ತುಂಬಿತ್ತು. ಹಾರ್ಮೋನಿಯಂ ಹಿರಿಯರು, ತಂದೆಯ ಕಾಲದಿಂದ ಬಂದ ಶ್ರುತಿ ಬಿಟ್ಟರೆ ತಮ್ಮ ಬೆರಳು ಓಡುವುದಿಲ್ಲವೆಂದು ತಕರಾರು ತೆಗೆದರು. ಆಕೆ ಮೀಟುತ್ತಲೇ ಇದ್ದರು. ಹಿರಿಯರು ಗೊಣಗುತ್ತ ಹಾರ್ಮೋನಿಯಂನ ಒಂದೊಂದೇ ಸ್ವರದ ಮನೆ ಕೆಳಗಿಳಿದು, ಕೊನೆಗೆ ಆ ತಂತಿಗೆ ಕೂಡುವ ಮನೆಯ ಮೇಲೆ ಬೆರಳಿಟ್ಟರು.

ಆಮೇಲೆ ಆಕೆ ಹಾಡು ಎತ್ತಿದರು.