ಬೆಲ್ಟಿನ ತುದಿಯ ಕೆಸರು

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಸಾಗರದಲ್ಲಿ ಸ್ವಂತ ಗ್ಯಾರೇಜ್ ತೆರೆದು ಆಗ ಹತ್ತೊಂಬತ್ತು ವರ್ಷವಾಗಿತ್ತು. ರಿಪೇರಿಯ ಜೊತೆಗೆ ಪರಿಚಯದವರ ಹಳೇ ಕಾರು ಮಾರಿಸಿಕೊಡುವುದೂ ಇತ್ತು.

ಒಂದು ಗುರುವಾರ ಹೊಸನಗರದ ಟೈಲರ್ ನಾಗರತ್ನಮ್ಮ ತಮ್ಮ ಬಿಳಿ ಕಾರು ತಂದು ನಿಲ್ಲಿಸಿದರು. ಹನ್ನೆರಡು ವರ್ಷ ಮನೆಯ ಜಗಲಿಯಲ್ಲೇ ಹೊಲಿದವರಿಗೆ ಹರಾಜಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಮಳಿಗೆ ಸಿಕ್ಕಿತ್ತು. ಸೋಮವಾರ ಸಂಜೆಯೊಳಗೆ ಒಂದೂವರೆ ಲಕ್ಷ ಡಿಪಾಸಿಟ್ ಕಟ್ಟದಿದ್ದರೆ ಅದು ಇನ್ನೊಬ್ಬರ ಪಾಲು.

ಇಂಜಿನ್ ಚೆನ್ನಾಗಿತ್ತು. ಆದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಕೆಸರಿನ ಗೆರೆ ಕಂಡಿತು. ಕಾರಿನೊಳಗೆ ನೀರು ನಿಂತಿತ್ತೆಂಬುದಕ್ಕೆ ಅದೇ ಗುರುತು. ಹಿಂದಿನ ಮಳೆಗಾಲ ತೀರ್ಥಹಳ್ಳಿಯ ತಂಗಿ ಮನೆಯಲ್ಲಿ ನಿಲ್ಲಿಸಿದ್ದಾಗ ತುಂಗೆಯ ನೀರು ನುಗ್ಗಿತ್ತಂತೆ.

"ಅಷ್ಟು ದೂರ ಯಾರೂ ಎಳೆದು ನೋಡಲ್ಲ ಬಿಡಿ," ಎಂದೆ.

ಶನಿವಾರ ತೀರ್ಥಹಳ್ಳಿಯಿಂದ ಒಬ್ಬ ಮೇಷ್ಟ್ರು ಬಂದರು. ನಾಗರತ್ನಮ್ಮನೂ ಬಂದಿದ್ದರು. ಮೇಷ್ಟ್ರು ಓಡಿಸಿ ನೋಡಿ, ಒಂದು ಎಂಬತ್ತಕ್ಕೆ ಒಪ್ಪಿಯೂ ಬಿಟ್ಟರು. ಅಷ್ಟರಲ್ಲಿ ನಾಗರತ್ನಮ್ಮ ತಾವೇ ಬೆಲ್ಟ್ ಎಳೆದು ತೋರಿಸಿದರು.

"ಸಾರ್, ಇದನ್ನೂ ನೋಡ್ಕಳಿ. ಹೋದ್ವರ್ಷ ನಿಮ್ಮೂರಲ್ಲೇ ತುಂಗೆ ನೀರು ಸೀಟಿನವರೆಗೆ ಬಂದಿತ್ತು."

"ನಮ್ಮೂರ ಹೊಳೆ ನೀರನ್ನ ನಂಗೇ ಮಾರಕ್ಕೆ ಹೊರಟ್ರಾ?" ಎಂದು ಮೇಷ್ಟ್ರು ಹೊರಟೇಬಿಟ್ಟರು.

ನನಗೆ ತಲೆ ಕೆಟ್ಟಿತು. "ಎಂಥ ಮಾರಾಯ್ತಿ ನೀವು! ಸೋಮವಾರ ಮಳಿಗೆ ಹೋದ್ರೆ ಏನ್ಮಾಡ್ತೀರಿ?"

"ಜಗಲಿ ಎಲ್ಲೂ ಹೋಗಲ್ಲಲ್ಲ ಅಣ್ಣ. ಬ್ಲೌಸಿನ ಒಳಹೊಲಿಗೆ ಬಿಟ್ರೆ ಕೊಡೋವಾಗ ಯಾರಿಗೂ ಕಾಣಲ್ಲ, ಮೂರನೇ ಸಲ ತೊಟ್ಟಾಗ ಬಿಚ್ಕಳತ್ತೆ. ಆಮೇಲೆ ಅವ್ರು ನನ್ನ ಹತ್ರ ಬರ್ತಾರಾ?"

ಭಾನುವಾರ ಸಂಜೆಯವರೆಗೂ ನಾಗರತ್ನಮ್ಮ ಗ್ಯಾರೇಜಿನಲ್ಲೇ ಕಾದರು, ಬೇರೆ ಯಾರೂ ಬರಲಿಲ್ಲ. ಬಾಗಿಲೆಳೆಯುವ ಹೊತ್ತಿಗೆ ಅದೇ ಮೇಷ್ಟ್ರು ಬಂದರು. ಬೆಳಿಗ್ಗೆ ಶಿವಮೊಗ್ಗದಲ್ಲಿ ಎರಡು ಕಾರು ನೋಡಿದ್ದರಂತೆ.

"ಈಯಮ್ಮ ಹೇಳ್ಕೊಟ್ಟಂಗೆ ಬೆಲ್ಟ್ ಎಳೆದೆ ಕಣ್ರಿ. ಎರಡರಲ್ಲೂ ಕೆಸರು! ಕೇಳಿದ್ರೆ, ನೀರೇ ಕಂಡಿಲ್ಲ ಅಂತಾರೆ. ಇದೇ ಕೊಡಿ. ಹೇಳಿ ಮಾರೋರ ಕಾರು."

ನೀರು ಎಲ್ಲೆಲ್ಲಿ ತಾಗಿದೆಯೆಂದು ವೈರಿಂಗ್ ಬಿಚ್ಚಿ ತೋರಿಸಿದೆ. ಒಂದು ಅರವತ್ತೈದಕ್ಕೆ ಮುಗಿಯಿತು. ಮಾಲೀಕರ ಹೆಸರು ಬದಲಿಸುವ ಫಾರಂಗಳಿಗೆ ಅಲ್ಲೇ ಸಹಿಯಾಯಿತು. ಸೋಮವಾರ ಮಧ್ಯಾಹ್ನವೇ ಡಿಪಾಸಿಟ್ ಕಟ್ಟಿ ನಾಗರತ್ನಮ್ಮ ಫೋನ್ ಮಾಡಿದರು.

ಕಾರಿನ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ಸೀಮೆಯಲ್ಲಿಲ್ಲ ಎಂದು ಬೀಗುತ್ತಿದ್ದವನು ನಾನು. ಹೇಳಿಕೊಟ್ಟವರು ಒಬ್ಬ ಟೈಲರಮ್ಮ. ಈಗ ಯಾವ ಕಾರು ಮಾರಿಸುವುದಿದ್ದರೂ ಬಾನೆಟ್ ಎತ್ತುವ ಮೊದಲು ಗಿರಾಕಿಯ ಕೈಗೆ ಬೆಲ್ಟ್ ಕೊಡುತ್ತೇನೆ. "ಎಳೀರಿ, ಪೂರ್ತಿ ಎಳೀರಿ," ಅನ್ನುತ್ತೇನೆ.