ಹತ್ತು ರೂಪಾಯಿಯ ಹಳದಿ ಕಲೆ

ಲಂಡನ್ನಿನ ಕೆಂಟನ್‌ನ ಹಾಲ್‌ನಲ್ಲಿ ಹಳೆಯ ನೋಟುಗಳ ಪ್ರದರ್ಶನಕ್ಕೆ ಮೇಜು ಜೋಡಿಸುತ್ತಿದ್ದಾಗ ಗುರುದೇವಿಯವರ ನಿಜಾಮನ ಕಾಲದ ನೋಟು ಕಾಣೆಯಾಯಿತು. ಎಲ್ಲರೂ ಬಗ್ಗಿ ಮೇಜಿನಡಿ ಹುಡುಕಿದರು. ಗುರುದೇವಿಯವರೂ ಬಗ್ಗಿದರು. ಬಗ್ಗಿದ್ದೇ ಉಪಕಾರವಾಯಿತು: ಪ್ಲಾಸ್ಟಿಕ್ ಕವರಿನ ಸಮೇತ ನೋಟು ಅವರ ಸೀರೆಯ ಹಿಂಭಾಗಕ್ಕೆ ಅಂಟಿಕೊಂಡಿತ್ತು. ಎಲ್ಲರ ನೋಟ ನೋಟಿನ ಮೇಲೆ.

"ಆಂಟಿ, ಒಂದ್ನಿಮಿಷ ಹಾಗೇ ಇರಿ," ಎಂದು, ಸಹಾಯಕ್ಕೆ ಬಂದಿದ್ದ ಅಂಕಿತಾ ಮೆಲ್ಲಗೆ ಬಿಡಿಸಿದಳು.

"ನಮ್ಮಜ್ಜ ನಿಜಾಮಗ ಸಲಾಂ ಹೊಡದ. ನಾ ಅವನ ಮ್ಯಾಲೆ ಕುಂತೆ," ಎಂದರು ಗುರುದೇವಿ, ನಾಚಿಕೆಪಡಲು ಒಪ್ಪದೆ.

ರಾಯಚೂರಿನವರು. ಕೌನ್ಸಿಲ್ ಕಚೇರಿಯಿಂದ ನಿವೃತ್ತರಾಗಿ ಸೌತ್‌ಹಾಲ್‌ನ ಫ್ಲ್ಯಾಟಿನಲ್ಲಿದ್ದಾರೆ. ಓರಗೆಯವರು ವಿಹಾರಕ್ಕೆ ಹೋಗುವ ದುಡ್ಡಿನಲ್ಲಿ ಇವರು ಹಳೆಯ ನೋಟಿನ ಹರಾಜಿಗೆ ಹೋಗುತ್ತಾರೆ. ಹೈದರಾಬಾದ್ ನಿಜಾಮನ ಈ ಹತ್ತು ರೂಪಾಯಿ ನೋಟಿನಲ್ಲಿ ಉರ್ದು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬೆಲೆ ಬರೆದಿದೆ. ಅವರ ಬಳಿ ಅಂಥದ್ದು ಇದೊಂದೇ. ಲಂಡನ್ನಿನ ಕನ್ನಡಿಗರೆಲ್ಲ ಇದನ್ನು ನೋಡಲೇಬೇಕೆಂಬುದು ಅವರ ಹಟ.

ಪ್ರದರ್ಶನದ ಉಸ್ತುವಾರಿ ಹೊತ್ತ ಸ್ಟ್ಯಾನ್ಮೋರ್‌ನ ಡಾಕ್ಟರ್ ಲಕ್ಷ್ಮೀಶ ನೋಟನ್ನು ಬೆಳಕಿಗೆ ಹಿಡಿದರು. ಕಾನ್ವೆಂಟಿನ ಸಿಸ್ಟರು ಮಕ್ಕಳ ಉಗುರು ನೋಡುವಾಗಿನ ಮುಖ.

"ವಾಟರ್‌ಮಾರ್ಕ್ ಸರಿಯಿದೆ, ಸಹಿ ಸರಿಯಿದೆ, ಅಸಲಿನೇ. ಆದ್ರೆ ಈ ಹಳದಿ ಕಲೆ? ಮೇಜಿನ ಮೇಲೆ ಇಡೋಕಾಗಲ್ಲ ಗುರುದೇವಿಯವ್ರೇ. ಮಿಕ್ಕಿದ್ದೆಲ್ಲ ಗರಿಗರಿ ನೋಟು. ನಂಗೆ ಗೊತ್ತಿರೋರೊಬ್ರು ತೊಳೆದುಕೊಡ್ತಾರೆ."

"ತೊಳಿಯಾಕ ಇದೇನು ನೋಟೋ, ಲಂಗೋಟೋ ಡಾಕ್ಟರ್ರ? ನಿಮ್ಮ ಗರಿಗರಿ ನೋಟು ಬ್ಯಾಂಕಿನ ಹೊಸ್ತಿಲಾನೂ ದಾಟಿಲ್ಲ. ಇದು ಸಂತಿ ಕಂಡದ, ನಾಕು ಮಂದಿ ಕೈ ಕಂಡದ. ಇಟ್ರ ಹಿಂಗಽ ಇಡ್ರಿ. ಇಲ್ಲಾಂದ್ರ ನಾ ಬಾಗಲದಾಗ ಕುರ್ಚಿ ಹಾಕ್ಕೊಂಡು ತೋರಸ್ತೀನಿ. ಬಂದವರು ಮೊದಲು ನನ್ನಽ ನೋಡ್ಬೇಕು."

ಹೇಳಿ ಸುಮ್ಮನಾಗಲಿಲ್ಲ. ಕುರ್ಚಿಯನ್ನು ಕರಕರ ಎಳೆಯುತ್ತ ಬಾಗಿಲ ಕಡೆ ಹೊರಟೇಬಿಟ್ಟರು. ಅವರು ಅರ್ಧ ಹಾಲ್ ದಾಟುವಷ್ಟರಲ್ಲಿ ಲಕ್ಷ್ಮೀಶರು ಮೇಜಿನ ನಟ್ಟನಡುವೆ ಜಾಗ ಬಿಡಿಸಿದ್ದರು.

ಸಂಜೆ ಜನ ಅಲ್ಲೇ ಮುತ್ತಿದರು. ಬಾಗಿದವರೆಲ್ಲ "ಹತ್ತು ರೂಪಾಯಿ" ಎಂದು ಗಟ್ಟಿಯಾಗಿ ಓದಿದರು. ಗರಿಗರಿ ನೋಟುಗಳನ್ನು ಕೇಳುವವರಿರಲಿಲ್ಲ. ಗುರುದೇವಿ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕಾವಲು ನಿಂತರು. ಅಂಕಿತಾಳ ಕಣ್ಣು ತುಂಬಿ ಬಂತು.

"ಆಂಟಿ, ಈ ಅರಿಶಿಣ ಆ ಕಾಲದ ಲಕ್ಷ್ಮೀಪೂಜೆದು ಅಲ್ವಾ? ಯಾರ ಕೈ ಇರಬಹುದು?"

"ನಂದಽ. ಹೋದ ವಾರ ಕವರ್ ಬದಲಸೋವಾಗ ಒಲಿ ಮ್ಯಾಲೆ ಝುಣಕ ಇತ್ತು. ಅರಿಶಿಣ ಹಾಕಿದ ಕೈ ತೊಳಕೊಳ್ಳೋದು ಮರ್ತಿದ್ದೆ."